ಬೀಜಕ್ಷೇತ್ರವಿಚಾರ: ಮೈಸೂರಿನ ಹೆರಿಗೆ ದಾಖಲೆಗಳೂ ಹೃದ್ರೋಗದ ಮೂಲವೂ

೧

ಐವತ್ತು ತುಂಬುವ ಮೊದಲೇ ಒಬ್ಬನಿಗೆ ಎದೆನೋವು ಕಾಣಿಸಿಕೊಂಡರೆ, ಇಲ್ಲವೆ ನಡುವಯಸ್ಸಿನಲ್ಲಿ ಬೊಜ್ಜೂ ಮಧುಮೇಹವೂ ಒಟ್ಟಿಗೆ ಸೇರಿದರೆ, ಅದು ಅವರ ವಂಶದಲ್ಲಿಯೇ ಇದ್ದುದೆಂದು ಹೇಳಿ ಸುಮ್ಮನಾಗುವುದು ಲೋಕರೂಢಿ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದು ವೈದ್ಯರ ಪ್ರಶ್ನೆ ಮಾತ್ರವಲ್ಲ. ರೋಗವು ಬೀಜದಲ್ಲಿಯೇ ಇದ್ದರೆ ಮನುಷ್ಯಪ್ರಯತ್ನಕ್ಕೆ ಅಲ್ಲಿ ಅವಕಾಶವು ಸ್ವಲ್ಪ. ಅದು ಕ್ಷೇತ್ರದಿಂದ, ಎಂದರೆ ತಾಯಿಯ ಶರೀರಸ್ಥಿತಿಯಿಂದಲೂ ಆಹಾರದಿಂದಲೂ ಬಂದುದಾದರೆ, ಅದಕ್ಕೆ ಸಮಾಜವೇ ಹೊಣೆ. ಈ ವಿವಾದದ ಒಂದು ಮುಖ್ಯವಾದ ಸಾಕ್ಷ್ಯವು ಮೈಸೂರು ನಗರದ ಒಂದು ಆಸ್ಪತ್ರೆಯ ಹೆರಿಗೆ ಪುಸ್ತಕಗಳಲ್ಲಿ ದೊರೆತದ್ದು ಕನ್ನಡನಾಡಿನ ಚರಿತ್ರೆಗೆ ಸೇರಿದ ವಿಷಯ. ಅದನ್ನು ಕ್ರಮವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಪ್ರಶ್ನೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಅಷ್ಟೌನಿಂದಿತೀಯಾಧ್ಯಾಯದಲ್ಲಿ ಅತಿಸ್ಥೌಲ್ಯದ ಕಾರಣಗಳನ್ನು ಎಣಿಸುವಾಗ ಗುರುಮಧುರಾಹಾರ, ವ್ಯಾಯಾಮದ ಅಭಾವ, ಹಗಲುನಿದ್ರೆ, ಚಿಂತೆಯಿಲ್ಲದಿರುವುದು ಮೊದಲಾದುವನ್ನು ಹೇಳಿ, ಕಡೆಗೆ ಬೀಜಸ್ವಭಾವವನ್ನೂ ಹೇಳಿದೆ. ಅದೇ ಸಂಹಿತೆಯ ಶಾರೀರಸ್ಥಾನವು ಗರ್ಭದ ಅವಯವಗಳಲ್ಲಿ ಮಾತೃಜಗಳಾವುವು, ಪಿತೃಜಗಳಾವುವು ಎಂದು ವಿಂಗಡಿಸುತ್ತದೆ. ಅಲ್ಲಿ ಮೇದಸ್ಸೂ ಹೃದಯವೂ ಎರಡೂ ಮಾತೃಜಗಳ ಪಟ್ಟಿಯಲ್ಲಿ ಬಂದಿವೆ. ಸುಶ್ರುತನಾದರೋ ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಕೂಡಿದಲ್ಲದೆ ಮೊಳಕೆಯಿಲ್ಲವೆಂಬ ದೃಷ್ಟಾಂತವನ್ನು ಗರ್ಭಕ್ಕೆ ಅನ್ವಯಿಸುತ್ತಾನೆ. ಇಂದಿನ ಶೋಧನೆಗಳನ್ನು ಪ್ರಾಚೀನರು ಮೊದಲೇ ಕಂಡಿದ್ದರೆಂದು ಇದರಿಂದ ಸಾಧಿಸಲಾಗದು. ಅವರ ಬಳಿ ತೂಕದ ಲೆಕ್ಕವಾಗಲಿ, ಆ ಲೆಕ್ಕವನ್ನು ಅರ್ಧ ಶತಮಾನದ ಮೇಲೆ ಪರೀಕ್ಷಿಸುವ ಉಪಾಯವಾಗಲಿ ಇರಲಿಲ್ಲ. ಆದರೆ ಪ್ರಶ್ನೆಯನ್ನು ಬೀಜ, ಕ್ಷೇತ್ರ ಎಂದು ಎರಡಾಗಿ ಸೀಳಿ ನೋಡುವ ಕ್ರಮವು ಅವರದು. ಪ್ರಕೃತ ವಿಚಾರಕ್ಕೆ ಆ ಕ್ರಮವೇ ಅನುಕೂಲವಾಗಿದೆ.

೨

ಮೊದಲು ಬೀಜಪಕ್ಷವನ್ನು ನೋಡಬೇಕು. ೧೯೬೨ರಲ್ಲಿ ಅಮೆರಿಕದ ಜೇಮ್ಸ್ ನೀಲ್ ಎಂಬ ವಿದ್ವಾಂಸನು ಒಂದು ವಾದವನ್ನು ಮುಂದಿಟ್ಟನು. ಬರಗಾಲಗಳಲ್ಲಿ ಬಾಳಿ ಬಂದ ಜನಾಂಗಗಳಲ್ಲಿ, ಸಿಕ್ಕಿದ ಅನ್ನವನ್ನು ಕೊಬ್ಬಾಗಿ ಕೂಡಿಡುವ ಮಿತವ್ಯಯದ ಬೀಜಗುಣವು ಉಳಿದುಕೊಂಡಿತೆಂದೂ, ಸಮೃದ್ಧಿಯ ಕಾಲ ಬಂದಾಗ ಅದೇ ಗುಣವು ರೋಗಕಾರಣವಾಯಿತೆಂದೂ ಆತನ ಮತ. ಐವತ್ತು ವರ್ಷಗಳಿಗೂ ಹೆಚ್ಚುಕಾಲ ಈ ವಾದಕ್ಕೆ ನಿದರ್ಶನವಾಗಿ ಹೇಳಲ್ಪಡುತ್ತಿದ್ದವರಲ್ಲಿ ಶಾಂತ ಮಹಾಸಾಗರದ ಸಮೋವಾ ದ್ವೀಪವಾಸಿಗಳೂ ಸೇರಿದ್ದರು.

೨೦೧೬ರಲ್ಲಿ ೩,೦೭೨ ಮಂದಿ ಸಮೋವನ್ ವಯಸ್ಕರ ಬೀಜಲಿಪಿಯನ್ನು ಪರೀಕ್ಷಿಸಿದ ಫಲವು ಪ್ರಕಟವಾಯಿತು. ಸಿಆರ್‌ಇಬಿಆರ್‌ಎಫ್ ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ಪಾಠಾಂತರವು ಅವರಲ್ಲಿ ವಿಶೇಷವಾಗಿ ಕಂಡುಬಂದಿತು. ಬೇರೆ ಜನಾಂಗಗಳಲ್ಲಿ ಅತಿವಿರಳವಾದ ಈ ಪಾಠವನ್ನು ಅಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ಧರಿಸಿದ್ದರು. ಅದರ ಒಂದೊಂದು ಪ್ರತಿಗೂ ದೇಹತೂಕದ ಸೂಚ್ಯಂಕವು ೧.೩ಕ್ಕೂ ಹೆಚ್ಚು ಏರುತ್ತಿತ್ತು. ಇಷ್ಟರಿಂದ ಬೀಜಪಕ್ಷವು ಗೆದ್ದಿತೆನ್ನಬಹುದಾಗಿತ್ತು. ಆದರೆ ಅದೇ ಪಾಠವುಳ್ಳವರಲ್ಲಿ ಮಧುಮೇಹವು ಹೆಚ್ಚುವುದರ ಬದಲು ಕಡಮೆಯಾಗಿದ್ದಿತು. ಸ್ಥೌಲ್ಯವನ್ನೂ ಮಧುಮೇಹವನ್ನೂ ಒಂದೇ ಸರಪಳಿಯ ಕೊಂಡಿಗಳೆಂದು ಭಾವಿಸಿದ್ದವರಿಗೆ ಇದು ಸುಲಭವಾಗಿ ಬಿಡಿಸಲಾಗದ ಗಂಟಾಯಿತು.

ಬೀಜವು ಕಾರಣವಾಗುವ ನಿದರ್ಶನವನ್ನು ಹುಡುಕಿ ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಶಂಕರಘಟ್ಟವಿರುವ ಶಿವಮೊಗ್ಗ ಜಿಲ್ಲೆಯಲ್ಲಿಯೇ, ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ, ೧೯೭೦ರ ದಶಕದ ಮಧ್ಯಭಾಗದಲ್ಲಿ ಕೀಲುಮೂಳೆಗಳನ್ನು ಸವೆಸಿ ಜನರನ್ನು ನಡೆಯದಂತೆ ಮಾಡುವ ಒಂದು ವ್ಯಾಧಿಯು ಬೆಳಕಿಗೆ ಬಂದಿತು. ಬಡ ಕೃಷಿಕಾರ್ಮಿಕರ ಮನೆಗಳಲ್ಲಿ ಕಂಡ ಈ ವ್ಯಾಧಿಗೆ, ಕ್ರಿಮಿನಾಶಕ ಬಿದ್ದ ಗದ್ದೆಗಳ ಏಡಿಗಳನ್ನು ತಿಂದದ್ದು ಕಾರಣವಿರಬೇಕೆಂದು ಆಗ ಹಲವರು ಊಹಿಸಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಸಂಸ್ಥೆಯ ವಿದ್ವಾಂಸರು ೧೯೭೭ರಲ್ಲಿಯೇ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವ್ಯಾಧಿಯೆಂದು ವರ್ಣಿಸಿದರು. ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಮಕ್ಕಳಲ್ಲಿ ಪ್ರಕಟವಾಗುವ ಬೀಜದೋಷವಿದೆಂದು ಮುಂದಿನ ಶೋಧನೆಗಳು ತೋರಿಸಿದುವು. ಇಲ್ಲಿ ಜನರು ಅನ್ನವನ್ನು ಶಂಕಿಸಿದರು, ಕಾರಣವಿದ್ದುದು ಬೀಜದಲ್ಲಿ. ಹೃದ್ರೋಗದ ವಿಷಯದಲ್ಲಿ ನಡೆದುದು ಇದಕ್ಕೆ ವಿಪರೀತವಾದುದೆಂಬುದು ಮೈಸೂರಿನ ದಾಖಲೆಗಳಿಂದ ತಿಳಿಯುತ್ತದೆ.

೩

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ೧೯೦೬ರಲ್ಲಿ ವೆಸ್ಲಿಯನ್ ಮಿಷನ್ನಿನವರಿಂದ ಸ್ಥಾಪಿತವಾಯಿತು. ಊರಿನವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 'ವೃತ್ತಾಂತ ಪತ್ರಿಕೆ'ಯನ್ನು ಹೊರಡಿಸಿದ ಮಿಷನ್ನೆಂದರೆ ಕನ್ನಡ ಸಾಹಿತ್ಯದ ವಾಚಕರಿಗೆ ಅದರ ಪರಿಚಯವುಂಟು. ಈ ಆಸ್ಪತ್ರೆಯಲ್ಲಿ ೧೯೩೪ರಿಂದ ಹೆರಿಗೆಯ ವಿವರಗಳನ್ನು ವಿಶೇಷ ಶ್ರದ್ಧೆಯಿಂದ ಬರೆದಿಡುವ ಪದ್ಧತಿಯಿದ್ದಿತು. ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆ. ತಾಯಿಯ ತೂಕ, ಆಕೆಯ ಶ್ರೋಣಿಯ ಹೊರ ಅಳತೆ. ಇವೆಲ್ಲವೂ ಆ ಪುಸ್ತಕಗಳಲ್ಲಿ ಸಾಲುಸಾಲಾಗಿ ನಮೂದಾಗಿವೆ. ಬರೆದವರಿಗೆ ಅದು ಅಂದಂದಿನ ಕರ್ತವ್ಯ. ಅರುವತ್ತು ವರ್ಷಗಳ ಮೇಲೆ ಒಬ್ಬರು ಅದನ್ನು ಓದುವರೆಂದು ಅವರು ಎಣಿಸಿರಲಾರರು.

ಶಾಸನಗಳನ್ನು ಓದುವವರಿಗೆ ಇಂಥ ದಾಖಲೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ದಾನಶಾಸನದಲ್ಲಿ ದಾನಿಯ ವಂಶಾವಳಿಯು ಪ್ರಶಂಸೆಯ ಉದ್ದೇಶದಿಂದ ಕೆತ್ತಲ್ಪಟ್ಟುದು. ಅಲ್ಲಿ ಅತಿಶಯೋಕ್ತಿಯನ್ನು ಕಳೆದು ಓದಬೇಕು. ಗದ್ದೆಯ ಎಲ್ಲೆಯನ್ನು ಹೇಳುವ ಸಾಲಿನಲ್ಲಿ ಆ ಶಂಕೆಯಿಲ್ಲ. ಹೆರಿಗೆ ಪುಸ್ತಕವು ಎಲ್ಲೆಯನ್ನು ಹೇಳುವ ಸಾಲಿನ ಜಾತಿಗೆ ಸೇರಿದುದು. ಅದರಲ್ಲಿ ಹೆಸರುಗೊಂಡ ಹೆಂಗಸರು ಬೇರೆ ಯಾವ ಚರಿತ್ರೆಯಲ್ಲಿಯೂ ಕಾಣಸಿಗುವವರಲ್ಲ.

ಇಂಥ ದಾಖಲೆಗಳಿಗೆ ಬೆಲೆ ಬಂದುದು ಇಂಗ್ಲೆಂಡಿನಲ್ಲಿ ನಡೆದ ಒಂದು ಶೋಧನೆಯಿಂದ. ಹರ್ಟ್‌ಫರ್ಡ್‌ಷೈರ್ ಪ್ರಾಂತದಲ್ಲಿ ೧೯೧೧ರಿಂದ ಶಿಶುಗಳ ತೂಕವನ್ನು ದಾದಿಯರು ಬರೆದಿಡುತ್ತಿದ್ದರು. ಡೇವಿಡ್ ಬಾರ್ಕರ್ ಮತ್ತು ಆತನ ಸಹಚರರು ಆ ಪುಸ್ತಕಗಳನ್ನು ಹಿಡಿದು, ೧೯೧೧ರಿಂದ ೧೯೩೦ರವರೆಗೆ ಹುಟ್ಟಿದ ೫,೬೫೪ ಗಂಡಸರ ಗತಿಯನ್ನು ಅರಸಿ, ಶೈಶವದಲ್ಲಿ ತೂಕ ಕಡಮೆಯಿದ್ದವರು ಹೃದ್ರೋಗದಿಂದ ಹೆಚ್ಚಾಗಿ ಸತ್ತರೆಂದು ೧೯೮೯ರಲ್ಲಿ ಪ್ರಕಟಿಸಿದರು. ಗರ್ಭದಲ್ಲಿ ಅನ್ನ ಸಾಲದಾದಾಗ ಶಿಶುವು ತನ್ನ ಅವಯವಗಳ ಬೆಳವಣಿಗೆಯನ್ನು ಮೊಟಕುಮಾಡಿಕೊಂಡು ಬದುಕುತ್ತದೆ. ಆ ಉಪಾಯದ ಸಾಲವನ್ನು ಮುಂದೆ ಹೃದಯವೂ ರಕ್ತನಾಳಗಳೂ ತೀರಿಸಬೇಕಾಗುತ್ತದೆ ಎಂಬುದು ಈ ಪಕ್ಷದ ಸಾರ. ೧೯೯೨ರಲ್ಲಿ ಹೇಲ್ಸ್ ಮತ್ತು ಬಾರ್ಕರ್ ಇದನ್ನು ಮಧುಮೇಹಕ್ಕೂ ವಿಸ್ತರಿಸಿದರು. ನೀಲನು ಮಿತವ್ಯಯವನ್ನು ಬೀಜಕ್ಕೆ ಆರೋಪಿಸಿದನು; ಇವರು ಅದನ್ನು ಕ್ಷೇತ್ರಕ್ಕೆ ಆರೋಪಿಸಿದರು.

ಇಂಗ್ಲೆಂಡಿನಲ್ಲಿ ಕಂಡುದು ಬಡತನ ಹೆಚ್ಚಾದ ನಾಡಿನಲ್ಲಿಯೂ ಸರಿಯಾದೀತೆ ಎಂಬ ಪ್ರಶ್ನೆಗೆ ಉತ್ತರವನ್ನು ಮೈಸೂರಿನಲ್ಲಿ ಅರಸಿದವರು ಕ್ಲಾಡಿಯಾ ಸ್ಟೈನ್, ಕ್ಯಾರೊಲಿನ್ ಫಾಲ್, ಕಲ್ಯಾಣರಾಮನ್ ಕುಮಾರನ್ ಮೊದಲಾದವರು. ಆಸ್ಪತ್ರೆಯ ಸುತ್ತಣ ಬೀದಿಗಳಲ್ಲಿ ಮನೆಮನೆಗೂ ಹೋಗಿ ವಿಚಾರಿಸಿ, ಆ ಪುಸ್ತಕಗಳಲ್ಲಿ ಶಿಶುಗಳಾಗಿ ನಮೂದಾಗಿದ್ದವರನ್ನು ನಡುವಯಸ್ಕರಾಗಿ ಗುರುತಿಸಿ, ಅವರ ಹೃದಯವನ್ನು ಪರೀಕ್ಷಿಸಲಾಯಿತು.

೪

೧೯೯೬ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶವು ೧೯೩೪ರಿಂದ ೧೯೫೪ರವರೆಗೆ ಹುಟ್ಟಿದ ೫೧೭ ಮಂದಿ ಸ್ತ್ರೀಪುರುಷರಿಗೆ ಸಂಬಂಧಿಸಿದುದು. ಗಂಡಸರಲ್ಲಿ ನೂರಕ್ಕೆ ೯, ಹೆಂಗಸರಲ್ಲಿ ನೂರಕ್ಕೆ ೧೧ ಮಂದಿಗೆ ಹೃದಯದ ರಕ್ತನಾಳಗಳ ವ್ಯಾಧಿಯಿದ್ದಿತು. ಹುಟ್ಟಿದಾಗ ೫½ ಪೌಂಡು ಅಥವಾ ಅದಕ್ಕೂ ಕಡಮೆ ತೂಗಿದವರಲ್ಲಿ ಈ ವ್ಯಾಧಿಯು ನೂರಕ್ಕೆ ೧೧. ೭ ಪೌಂಡಿಗೆ ಮೇಲ್ಪಟ್ಟು ತೂಗಿದವರಲ್ಲಿ ನೂರಕ್ಕೆ ೩. ಉದ್ದ ಕಡಮೆಯಿದ್ದವರಲ್ಲಿಯೂ ತಲೆಯ ಸುತ್ತಳತೆ ಕಡಮೆಯಿದ್ದವರಲ್ಲಿಯೂ ಇದೇ ರೀತಿ ವ್ಯಾಧಿಯು ಹೆಚ್ಚಾಗಿದ್ದಿತು. ಎಲ್ಲಕ್ಕಿಂತ ಹೆಚ್ಚಿನ ಪ್ರಮಾಣವು ಕಂಡದ್ದು ಕಡಮೆ ತೂಕದಿಂದ ಹುಟ್ಟಿದವರಲ್ಲಿ, ಅದರಲ್ಲಿಯೂ ೧೦೦ ಪೌಂಡಿಗಿಂತ ಕಡಮೆ ತೂಗುತ್ತಿದ್ದ ತಾಯಂದಿರ ಮಕ್ಕಳಲ್ಲಿ: ನೂರಕ್ಕೆ ೨೦.

ಈ ಕೊನೆಯ ಅಂಕಿಯೇ ಇಡೀ ಶೋಧನೆಯ ಮರ್ಮ. ನೂರು ಪೌಂಡೆಂದರೆ ಸುಮಾರು ನಲವತ್ತೈದು ಕಿಲೋಗ್ರಾಂ. ತುಂಬು ಗರ್ಭಿಣಿಯ ತೂಕ ಅದಕ್ಕೂ ಕಡಮೆಯೆಂದರೆ ಆಕೆಯ ದೇಹದಲ್ಲಿ ಎಷ್ಟು ಉಳಿದಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮಧುಮೇಹದ ವಿಷಯದಲ್ಲಿ ದಾಖಲೆಗಳು ಬೇರೆ ಮಾತನ್ನಾಡಿದುವು. ಇದೇ ಆಸ್ಪತ್ರೆಯಲ್ಲಿ ಹುಟ್ಟಿದ ೫೦೬ ಮಂದಿಯನ್ನು ಪರೀಕ್ಷಿಸಿ ೧೯೯೮ರಲ್ಲಿ ಪ್ರಕಟಿಸಿದ ಲೇಖನದಂತೆ, ನೂರಕ್ಕೆ ೧೫ ಮಂದಿಗೆ ಮಧುಮೇಹವಿದ್ದಿತು. ಆದರೆ ಅವರು ಕೃಶರಾಗಿ ಹುಟ್ಟಿದವರಲ್ಲ, ಗಿಡ್ಡವಾಗಿ, ಉದ್ದಕ್ಕೆ ಮೀರಿದ ತೂಕದಿಂದ ಹುಟ್ಟಿದವರು. ಅವರ ತಾಯಂದಿರು ಸರಾಸರಿಗಿಂತ ಹೆಚ್ಚು ತೂಕದವರು. ಯೂರೋಪಿನ ನಿಯಮವು ಇಲ್ಲಿ ಹಾಗೆಯೇ ಅನ್ವಯಿಸಲಿಲ್ಲ. ಬಾಲ್ಯದಲ್ಲಿ ಅನ್ನ ಸಾಲದೆ ಬೆಳೆದ ಹೆಣ್ಣು ಪಟ್ಟಣಕ್ಕೆ ಬಂದು ಮೈತುಂಬಿಕೊಂಡಾಗ ಆಕೆಯ ರಕ್ತದಲ್ಲಿ ಸಕ್ಕರೆ ಏರಿ, ಅದು ಗರ್ಭಕ್ಕೂ ತಾಗುತ್ತದೆಯೆಂದು ಶೋಧಕರು ಇದಕ್ಕೆ ಅರ್ಥ ಹೇಳಿದರು. ಹಾಗಾದರೆ ಕೊರತೆಯೂ ಕೆಡುಕು, ಕೊರತೆಯ ಮೇಲೆ ಬಂದ ಸಮೃದ್ಧಿಯೂ ಕೆಡುಕು.

ಇದನ್ನು ಪರೀಕ್ಷಿಸಲು ೧೯೯೭-೯೮ರಲ್ಲಿ ಅದೇ ಆಸ್ಪತ್ರೆಗೆ ಬಂದ ೮೩೦ ಮಂದಿ ಗರ್ಭಿಣಿಯರನ್ನು ಆರಿಸಿ, ಅವರ ಮಕ್ಕಳ ಬೆಳವಣಿಗೆಯನ್ನು ಹುಟ್ಟಿನಿಂದಲೇ ಅಳೆಯುವ ಕಾರ್ಯವು ಆರಂಭವಾಯಿತು. ಜಿ. ವಿ. ಕೃಷ್ಣವೇಣಿ ಮತ್ತು ಸಹಚರರು ೨೦೦೫ರಲ್ಲಿ ತಿಳಿಸಿದಂತೆ, ಮೈಸೂರಿನ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ಎಲ್ಲ ಅಳತೆಗಳಲ್ಲಿಯೂ ಚಿಕ್ಕವು. ಆದರೆ ಬೆನ್ನಿನ ಮೇಲ್ಭಾಗದ ಚರ್ಮದ ಕೆಳಗಣ ಕೊಬ್ಬು ಆ ಪ್ರಮಾಣದಲ್ಲಿ ಕಡಮೆಯಾಗಿರಲಿಲ್ಲ. ನಾಲ್ಕನೆಯ ವಯಸ್ಸಿಗೆ ಆ ಕೊಬ್ಬು ಇಂಗ್ಲೆಂಡಿನ ಮಕ್ಕಳದನ್ನು ಮೀರಿತು. ತಕ್ಕಡಿಯಲ್ಲಿ ಕೃಶನಾಗಿ ಕಾಣುವವನು ಒಳಗೆ ಸ್ಥೂಲನಾಗಿರಬಹುದೆಂಬುದು ಇದರ ತಾತ್ಪರ್ಯ.

೫

ಇಲ್ಲಿ ಕೆಲವು ಆಕ್ಷೇಪಗಳು ಹುಟ್ಟುತ್ತವೆ. ೫೧೭ ಮಂದಿ ಸಣ್ಣ ಸಂಖ್ಯೆ. ಹುಟ್ಟುತೂಕಕ್ಕೂ ಹೃದ್ರೋಗಕ್ಕೂ ಇರುವ ಸಂಬಂಧವು ಎಲ್ಲರನ್ನೂ ಒಟ್ಟಿಗೆ ಎಣಿಸಿದಾಗ ಗಣಿತದ ಒರೆಗಲ್ಲಿಗೆ ಪೂರ್ತಿಯಾಗಿ ನಿಲ್ಲದೆ, ೪೫ ವರ್ಷ ಮೀರಿದವರಲ್ಲಿ ಮಾತ್ರ ದೃಢವಾಯಿತು. ಮೇಲಾಗಿ ಪರೀಕ್ಷೆಗೆ ದೊರೆತವರು ಬದುಕಿ ಉಳಿದು ಅದೇ ಊರಿನಲ್ಲಿದ್ದವರು ಮಾತ್ರ. ಎಳವೆಯಲ್ಲಿಯೇ ಸತ್ತವರೂ ಊರು ಬಿಟ್ಟವರೂ ಲೆಕ್ಕಕ್ಕೆ ಬರಲಿಲ್ಲ. ಇವೆಲ್ಲಕ್ಕಿಂತ ಬಲವಾದ ಆಕ್ಷೇಪವನ್ನು ೧೯೯೯ರಲ್ಲಿ ಹ್ಯಾಟರ್ಸ್ಲಿ ಮತ್ತು ಟೂಕ್ ಎತ್ತಿದರು: ಶಿಶುವಿನ ತೂಕವನ್ನು ಕಡಮೆ ಮಾಡುವ ಬೀಜಗುಣವೇ ಮುಂದೆ ರೋಗವನ್ನೂ ತರುತ್ತಿರಬಾರದೇಕೆ? ಹಾಗಾದರೆ ಕ್ಷೇತ್ರವು ನೆಪಮಾತ್ರವಾಗುವುದು.

ಇದಕ್ಕೆ ಸಮಾಧಾನವು ಬೀಜವು ಬದಲಾಗದೆ ಕ್ಷೇತ್ರವೊಂದೇ ಬದಲಾದ ನಿದರ್ಶನದಿಂದ ದೊರೆಯಬೇಕು. ೧೯೪೪-೪೫ರ ಚಳಿಗಾಲದಲ್ಲಿ ಹಾಲೆಂಡಿನ ಪಶ್ಚಿಮಭಾಗವು ಕ್ಷಾಮಕ್ಕೆ ಸಿಕ್ಕಿತು. ಮೂರು ಲಕ್ಷ ತರುಣರ ಸೈನಿಕದಾಖಲೆಗಳನ್ನು ಪರಿಶೀಲಿಸಿದವರು ೧೯೭೬ರಲ್ಲಿ ತೋರಿಸಿಕೊಟ್ಟಂತೆ, ಗರ್ಭದ ಮೊದಲರ್ಧದಲ್ಲಿ ಕ್ಷಾಮವನ್ನನುಭವಿಸಿದವರಲ್ಲಿ ಸ್ಥೌಲ್ಯವು ಹೆಚ್ಚಾಗಿದ್ದಿತು. ಗರ್ಭದ ಕೊನೆಯ ತಿಂಗಳುಗಳಲ್ಲಿ ಅನುಭವಿಸಿದವರಲ್ಲಿ ಕಡಮೆಯಾಗಿದ್ದಿತು. ಒಂದೇ ಜನ, ಒಂದೇ ಬೀಜ. ಹಸಿವು ಬಿದ್ದ ತಿಂಗಳು ಮಾತ್ರ ಬೇರೆ. ಆದುದರಿಂದ ಕ್ಷೇತ್ರವು ನೆಪವಲ್ಲ. ಹಾಗೆಂದು ಬೀಜವು ಸುಳ್ಳೂ ಅಲ್ಲ. ಸಮೋವಾದ ಅಕ್ಷರವೂ ಹಂದಿಗೋಡಿನ ಕೀಲುಗಳೂ ಅದಕ್ಕೆ ಸಾಕ್ಷಿ.

೬

ಹಂದಿಗೋಡಿನಲ್ಲಿ ಅನ್ನವನ್ನು ಶಂಕಿಸಿದಾಗ ಬೀಜವು ಸಿಕ್ಕಿತು. ಮೈಸೂರಿನಲ್ಲಿ ಬೀಜವನ್ನು ಶಂಕಿಸುವ ರೂಢಿಯ ನಡುವೆ ತಾಯಿಯ ಹಸಿವು ಸಿಕ್ಕಿತು. ಎರಡು ಕಡೆಯೂ ತೀರ್ಮಾನಕ್ಕೆ ಆಧಾರವಾದುದು ಮತಾಭಿಮಾನವಲ್ಲ, ಮನೆಮನೆಗೆ ಹೋಗಿ ಕೇಳಿ ಬರೆದ ಲೆಕ್ಕ. ಕ್ಷೇತ್ರವನ್ನು ಹೇಳಿದಾಗ ದೋಷವನ್ನು ತಾಯಿಯ ಮೇಲೆ ಹೊರಿಸಿದಂತಾಗುವುದೆಂಬ ಶಂಕೆಗೂ ಇಲ್ಲಿಯೇ ಉತ್ತರವಿದೆ. ನೂರು ಪೌಂಡು ತೂಗದ ಆ ತಾಯಿಯೂ ಒಂದು ಕಾಲಕ್ಕೆ ಒಬ್ಬಳ ಗರ್ಭದಲ್ಲಿದ್ದ ಶಿಶು. ಆಕೆಯ ತೂಕವನ್ನು ನಿರ್ಣಯಿಸಿದುದು ಆಕೆಯ ಇಚ್ಛೆಯಲ್ಲ, ಆಕೆಗೆ ದೊರೆತ ಅನ್ನ.

ಶಂಕರಘಟ್ಟದ ಜ್ಞಾನಸಹ್ಯಾದ್ರಿಯಲ್ಲಿ ಕನ್ನಡ ಅಧ್ಯಯನವೂ ಜೀವವಿಜ್ಞಾನವೂ ಒಂದೇ ಆವರಣದಲ್ಲಿ ನಡೆಯುತ್ತವೆ. ತಾಲ್ಲೂಕಿನ ಆಸ್ಪತ್ರೆಗಳ ಹಳೆಯ ಹೆರಿಗೆ ಪುಸ್ತಕಗಳು ಗೆದ್ದಲಿಗೆ ಆಹಾರವಾಗುವ ಮೊದಲು ಅವನ್ನು ಓಲೆಗರಿಗಳಂತೆಯೇ ಕಾಪಾಡುವುದು ಈ ಎರಡು ವಿದ್ಯೆಗಳಿಗೂ ಸಮಾನವಾದ ಕಾರ್ಯ. ಮೈಸೂರಿನ ಪುಸ್ತಕಗಳು ಉಳಿದುವು. ಆದುದರಿಂದಲೇ ಹೆಸರಿಲ್ಲದ ತಾಯಂದಿರ ಹಸಿವು ಅವರ ಮಕ್ಕಳ ಎದೆಯಲ್ಲಿ ಉಳಿದಿದ್ದುದು ಲೋಕಕ್ಕೆ ತಿಳಿಯಿತು.