ಬೂಡಿಕಾ ರೋಮಿಗೆ ಹೋಗಿದ್ದಳೇ?

ಮಕ್ಕಳೇ, ಯೂನಿವರ್ಸಿಟಿ ಮುಗಿಸಿ ಕೆಲಸಕ್ಕೆ ಸೇರಿದವರನ್ನೂ ಮಕ್ಕಳೇ ಅನ್ನುತ್ತಿದ್ದೇನೆ, ಸಹಿಸಿಕೊಳ್ಳಿ. ಅಮ್ಮಂದಿರ ಬಾಯಿಗೆ ಬೇರೆ ಮಾತು ಬರುವುದಿಲ್ಲ. ಈ ಸಲದ ಚರಿತ್ರೆಯ ಮಾತಿಗೆ ನಾನು ಆರಿಸಿಕೊಂಡಿರುವುದು ಒಂದು ವಿಡಿಯೋ ಗೇಮ್: ‘ರೈಸ್: ಸನ್ ಆಫ್ ರೋಮ್’. ಜರ್ಮನಿಯ ಕ್ರೈಟೆಕ್ ಕಂಪನಿ ಮಾಡಿದ್ದು. 2013ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆಗೇ ಬಂತು, ಮರುವರ್ಷ ಕಂಪ್ಯೂಟರಿಗೂ ಬಂತು. ಹದಿನೆಂಟು ದಾಟಿದವರಿಗೆ ಮಾತ್ರ ಎಂಬ ಮುದ್ರೆ ಅದರ ಮೇಲಿದೆ; ಚಿಕ್ಕವರು ಸದ್ಯಕ್ಕೆ ನನ್ನ ಮಾತು ಕೇಳಿದರೆ ಸಾಕು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ನೋಡುವುದಕ್ಕೆ ಅದು ಸಿನಿಮಾ. ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ ಮಾಡಿದ ಎದೆಕವಚ, ಮಳೆಯಲ್ಲಿ ನೆಂದ ಗುರಾಣಿ, ಅಮೃತಶಿಲೆಯ ಮೇಲೆ ಬೀಳುವ ಬೆಳಕು, ಇವೆಲ್ಲ ಈಗಲೂ ಹಳತಾಗಿಲ್ಲ. ಬಾಣಗಳ ಮಳೆ ಸುರಿಯುವಾಗ ಸೈನಿಕರು ಗುರಾಣಿಗಳನ್ನು ಮುಂದಕ್ಕೂ ತಲೆಯ ಮೇಲಕ್ಕೂ ಜೋಡಿಸಿ ಒಂದೇ ಪ್ರಾಣಿಯ ಹಾಗೆ ನಡೆಯುತ್ತಾರಲ್ಲ, ಅದು ನಿಜವಾದ ರೋಮನ್ ಯುದ್ಧವಿದ್ಯೆ. ಅವರು ಅದನ್ನು ಕರೆಯುತ್ತಿದ್ದದ್ದೇ ‘ಆಮೆ’ ಎಂದು. ಹತ್ತು ಪುಟ ಓದಿದರೂ ತಿಳಿಯದ್ದು ಅಲ್ಲಿ ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಆದರೆ ಆ ಆಮೆ ಬಂದಷ್ಟೇ ಬೇಗ ಮಾಯ. ಉಳಿದ ಹೊತ್ತೆಲ್ಲ ಮೇರಿಯಸ್ ಎಂಬ ನಾಯಕ ಒಬ್ಬನೇ ಕತ್ತಿ ಬೀಸುತ್ತಾನೆ. ರೋಮಿನ ಸೈನಿಕ ಹಾಗೆ ಕಾದಾಡಿದವನಲ್ಲ. ಪಕ್ಕದವನ ಭುಜಕ್ಕೆ ಭುಜ ಕೊಟ್ಟು, ಗುರಾಣಿಯ ಮರೆಯಿಂದ ಗಿಡ್ಡ ಕತ್ತಿಯಲ್ಲಿ ಚುಚ್ಚುತ್ತಿದ್ದ. ಎರಡು ಅಂಗುಲ ಚುಚ್ಚಿದರೆ ಸಾಕು, ಬೀಸಿ ಹೊಡೆಯಬೇಡಿ ಎಂಬುದು ವೆಜಿಟಿಯಸ್ ಬರೆದಿಟ್ಟ ಪಾಠ. ಆಟದಲ್ಲಿ ಸೋತ ಶತ್ರುವಿನ ಮೈಮೇಲೆ ನೀಲಿಯೋ ಹಳದಿಯೋ ಬಣ್ಣ ಮಿಂಚುತ್ತದೆ, ಆ ಬಣ್ಣದ ಬಟನ್ ಒತ್ತಬೇಕು. ತಪ್ಪು ಬಟನ್ ಒತ್ತಿದರೂ ಅವನು ಸಾಯುತ್ತಾನೆ! ನಿಮಗೆ ಸಿಗುವ ಅಂಕ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ನನ್ನ ಮಗ ಆಡುವಾಗ ಪಕ್ಕದಲ್ಲಿ ಕೂತು ನೋಡಿದವಳಿಗೆ ಅರ್ಧ ಗಂಟೆಯಲ್ಲಿ ಆಕಳಿಕೆ ಬಂತು.

ಕಾಲದ ಕಲಸುಮೇಲೋಗರ ಇನ್ನೊಂದು. ಆಟದಲ್ಲಿ ಕಮೋಡಸ್ ನೀರೊ ಚಕ್ರವರ್ತಿಯ ಮಗ. ನಿಜವಾದ ನೀರೊ ಸತ್ತದ್ದು ಕ್ರಿ.ಶ. 68ರಲ್ಲಿ, ಮಾರ್ಕಸ್ ಆರೇಲಿಯಸನ ಮಗನಾದ ಕಮೋಡಸ್ ಹುಟ್ಟಿದ್ದು 161ರಲ್ಲಿ. ಆಟದವರು ಕಾದಾಡುವ ಕೊಲೋಸಿಯಂ ಉದ್ಘಾಟನೆಯಾದದ್ದು 80ರಲ್ಲಿ, ನೀರೊ ಹೋಗಿ ಹನ್ನೆರಡು ವರ್ಷವಾದ ಮೇಲೆ. ಇರಲಿ, ಇಂಥವನ್ನು ಕ್ಷಮಿಸಬಹುದು. ನಮ್ಮ ಪೌರಾಣಿಕ ಸಿನಿಮಾಗಳು ಮಾಡದ್ದೇನಲ್ಲ.

ನನಗೆ ಕ್ಷಮಿಸಲಾಗದ್ದು ಬೂಡಿಕಾಳ ವಿಷಯ. ಇಲ್ಲಿನ ಶಾಲೆಗಳಲ್ಲಿ ಓದಿದ ನಿಮಗೆ ಅವಳ ಹೆಸರು ಗೊತ್ತು. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಹತ್ತಿರ ರಥದ ಮೇಲೆ ನಿಂತವಳು. ಆಟದಲ್ಲಿ ಅವಳು ಓಸ್ವಾಲ್ಡ್ ಎಂಬ ರಾಜನ ಮಗಳು. ಆ ಹೆಸರೇ ಆಂಗ್ಲೊ-ಸ್ಯಾಕ್ಸನ್ನರದು, ಅವರು ಬರಲು ಇನ್ನೂ ಶತಮಾನಗಳಿವೆ. ರೋಮನ್ನರು ತಂದೆಯನ್ನು ಕೊಂದ ಸೇಡಿಗೆ ಅವಳು ಆನೆಗಳೊಡನೆ ರೋಮ್ ನಗರಕ್ಕೇ ನುಗ್ಗುತ್ತಾಳೆ, ಮೇರಿಯಸನ ಕೈಯಲ್ಲಿ ಸಾಯುತ್ತಾಳೆ. ತಮಾಷೆಯೆಂದರೆ, ಆನೆಗಳ ಮಾತು ಬರುವುದು ರೋಮನ್ನರ ಕಡೆಯಲ್ಲಿ: 43ರಲ್ಲಿ ಬ್ರಿಟನ್ನಿನ ಮೇಲೆ ಬಂದ ಕ್ಲಾಡಿಯಸನ ದಂಡಯಾತ್ರೆಗೆ ಆನೆಗಳನ್ನು ಸೇರಿಸಿದ್ದರೆಂದು ಕ್ಯಾಸಿಯಸ್ ಡಿಯೊ ಬರೆದಿದ್ದಾನೆ.

ಟ್ಯಾಸಿಟಸ್ ಹೇಳುವ ಬೂಡಿಕಾ ಬೇರೆ. ಅವಳ ಗಂಡ ಪ್ರಾಸುಟಾಗಸ್ ಇಸೀನಿ ಜನರ ರಾಜ. ಸಾಯುವ ಮುನ್ನ ಉಯಿಲು ಬರೆದು ಚಕ್ರವರ್ತಿಯನ್ನೂ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ವಾರಸುದಾರರನ್ನಾಗಿ ಮಾಡಿದ. ಪಾಲು ಕೊಟ್ಟರೆ ಮಿಕ್ಕದ್ದು ಉಳಿದೀತೆಂಬ ಆಸೆ. ಉಳಿಯಲಿಲ್ಲ. ರೋಮಿನ ಅಧಿಕಾರಿಗಳು ರಾಜ್ಯವನ್ನು ಬಾಚಿಕೊಂಡರು. ಬೂಡಿಕಾಳಿಗೆ ಚಾಟಿಯೇಟು, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ. ನೀರೊನ ಗುರು, ದೊಡ್ಡ ತತ್ತ್ವಜ್ಞಾನಿ ಸೆನೆಕಾ ಬ್ರಿಟನ್ನರಿಗೆ ನಾಲ್ಕು ಕೋಟಿ ಸೆಸ್ಟರ್ಸ್ ಬಡ್ಡಿಗೆ ಕೊಟ್ಟು, ಒಮ್ಮೆಲೇ ವಾಪಸು ಕೇಳಿದನೆಂದು ಡಿಯೊ ಸೇರಿಸುತ್ತಾನೆ. 60–61ರಲ್ಲಿ ಜನ ಎದ್ದರು. ಇಂದಿನ ಕೋಲ್ಚೆಸ್ಟರ್, ಲಂಡನ್, ಸೇಂಟ್ ಆಲ್ಬನ್ಸ್ ಮೂರೂ ಉರಿದವು. ಅವಳೂ ಕನಿಕರ ತೋರಲಿಲ್ಲ: ಸತ್ತವರು ಎಪ್ಪತ್ತು ಸಾವಿರ ಎನ್ನುತ್ತಾನೆ ಟ್ಯಾಸಿಟಸ್. ಕೊನೆಗೆ ಸೋತಳು. ವಿಷ ಕುಡಿದಳೆಂದು ಅವನು, ಕಾಯಿಲೆಯಾಯಿತೆಂದು ಡಿಯೊ.

ಉಯಿಲು, ಸಾಲ, ಚಾಟಿ. ಈ ಮೂರೂ ಆಟದಲ್ಲಿಲ್ಲ. ಒಂದು ಕ್ಷಣ ಯೋಚಿಸಿ: ನಾಳೆ ಯಾರೋ ಕಿತ್ತೂರು ಚೆನ್ನಮ್ಮನ ಮೇಲೆ ಆಟ ಮಾಡಿ, ಅವಳು ಆನೆ ಹತ್ತಿ ಲಂಡನ್ನಿಗೆ ನುಗ್ಗಿದಳೆಂದು ತೋರಿಸಿದರೆ? ರಾಜ್ಯೋತ್ಸವದ ಫ್ಯಾನ್ಸಿ ಡ್ರೆಸ್ಸಿನಲ್ಲಿ ಮರದ ಕತ್ತಿ ಹಿಡಿದವರೆಲ್ಲ ಮೊದಲು ಚಪ್ಪಾಳೆ ತಟ್ಟುತ್ತೀರಿ. ಆಮೇಲೆ ಒಂದು ಪ್ರಶ್ನೆ ಏಳುತ್ತದೆ: ದತ್ತುಪುತ್ರನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲವಲ್ಲ, ಅದೆಲ್ಲಿ? 1824ರ ಆ ಯುದ್ಧ ಶುರುವಾದದ್ದೇ ಅಲ್ಲಿಂದ. ಅದನ್ನು ತೆಗೆದರೆ ಚೆನ್ನಮ್ಮ ಬರೀ ಸಿಟ್ಟಿನ ಹೆಂಗಸಾಗಿ ಉಳಿಯುತ್ತಾಳೆ. ಬೂಡಿಕಾಳಿಗೆ ಆಟ ಮಾಡಿದ್ದು ಇದನ್ನೇ. ಆನೆ ಕೊಟ್ಟು ನ್ಯಾಯ ಕಿತ್ತುಕೊಂಡಿತು.

ಇಸೀನಿಗಳು ತಮ್ಮ ಕಥೆಯನ್ನು ಬರೆದಿಡಲಿಲ್ಲ. ಬರೆದ ಟ್ಯಾಸಿಟಸ್ ರೋಮನ್ನನೇ. ಅವನ ಮಾವ ಅಗ್ರಿಕೋಲ ಆ ದಿನಗಳಲ್ಲಿ ಬ್ರಿಟನ್ನಿನ ಸೈನ್ಯದಲ್ಲಿದ್ದವನು. ಚಾಟಿಯ ಸಂಗತಿ ನಮಗೆ ಸಿಕ್ಕಿದ್ದು ಗೆದ್ದವರ ಪುಸ್ತಕದಿಂದ. ತಮ್ಮವರ ತಪ್ಪನ್ನು ಅವನು ಮುಚ್ಚಿಡಲಿಲ್ಲ, ಅದು ದೊಡ್ಡ ಮಾತು.

ಈಸ್ಟರ್ ರಜೆಗೆ ಸಾಧ್ಯವಾದರೆ ಕೋಲ್ಚೆಸ್ಟರಿಗೆ ಹೋಗಿ ಬನ್ನಿ. ಅಲ್ಲಿನ ಕೋಟೆ ನಿಂತಿರುವುದು ಕ್ಲಾಡಿಯಸನ ದೇವಾಲಯದ ತಳಪಾಯದ ಮೇಲೆ. ಕೊನೆಗೆ ಊರಿನವರು ಅಡಗಿ ಸತ್ತದ್ದು ಆ ದೇವಾಲಯದಲ್ಲೇ. ಊರಿನ ನೆಲ ಅಗೆದಾಗ ಬೆಂಕಿಯಲ್ಲಿ ಸುಟ್ಟ ಕೆಂಪು ಮಣ್ಣಿನ ಪದರ ಸಿಗುತ್ತದೆ. ಆ ಬೂದಿಯ ನಡುವೆ ಕರಕಲಾದ ಖರ್ಜೂರಗಳು ಸಿಕ್ಕಿವೆ. ದೂರದ ಬಿಸಿಲುನಾಡಿನಿಂದ ಯಾರೋ ತರಿಸಿಕೊಂಡು, ತಿನ್ನದೇ ಬಿಟ್ಟುಹೋದ ಖರ್ಜೂರ.