ಕೆಜಿಎಫ್: ಬಂಡೆಯ ಭಯ, ದೂಳಿನ ಲೆಕ್ಕ

ಗಣಿ ನಡೆಯುತ್ತಿದ್ದ ಕಾಲದಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ನೆಲ ನಡುಗಿದರೆ ಅದೇನೆಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಅದು ‘ಏರ್ ಬ್ಲಾಸ್ಟ್’. ಅದಿರು ತೆಗೆದು ಟೊಳ್ಳಾದ ಕಡೆ ಸುತ್ತಲಿನ ಬಂಡೆಯ ಮೇಲೆ ಒತ್ತಡ ಏರುತ್ತಾ ಹೋಗಿ, ಅದು ಒಮ್ಮೆಗೇ ಸಿಡಿಯುತ್ತಿತ್ತು. ಎಂಜಿನಿಯರುಗಳು ಇದನ್ನು ರಾಕ್ ಬರ್ಸ್ಟ್ ಎಂದರು. ಮನೆಯಲ್ಲಿ ಪಾತ್ರೆ ಅಲುಗಿದರೆ ಪಾಳಿಗೆ ಹೋದವರ ನೆನಪಾಗಲು ಅಷ್ಟೇ ಸಾಕು.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟಿತು. ಗಣಿ ಇಳಿಯುತ್ತಾ ಹೋಯಿತು. ಇಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳವಾಯಿತು. ಆಳ ಹೆಚ್ಚಿದಂತೆ ಸಿಡಿತದ ಅಪಾಯವೂ ಹೆಚ್ಚಿತು. ಅದನ್ನು ತಡೆಯಲು ಗ್ರಾನೈಟ್ ದಿಮ್ಮಿಗಳ ಆಸರೆ ಕಟ್ಟಿದರು, ಅದಿರು ತೆಗೆಯುವ ಕ್ರಮ ಬದಲಿಸಿದರು. ಸಿಡಿದ ಬಂಡೆ ಹೆಣ ಬೀಳಿಸುತ್ತದೆ, ಕೆಲಸ ನಿಲ್ಲಿಸುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕಂಪನಿಗೂ ಗತ್ಯಂತರವಿರಲಿಲ್ಲ.

ದೂಳಿನದು ಬೇರೆಯೇ ಕಥೆ. ಇಲ್ಲಿ ಚಿನ್ನ ಅಡಗಿರುವುದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದಾಗ ಏಳುವ ಸಿಲಿಕಾ ದೂಳಿನ ಅತಿ ಸಣ್ಣ ಕಣ ಕಣ್ಣಿಗೆ ಕಾಣದು, ಮೂಗಿಗೆ ವಾಸನೆ ಬಾರದು. ಶ್ವಾಸಕೋಶದ ಆಳಕ್ಕಿಳಿದು ಅಲ್ಲಿ ಗಾಯದ ಕಲೆ ಮಾಡುತ್ತದೆ. ಈ ರೋಗವೇ ಸಿಲಿಕೋಸಿಸ್. ಕೆಮ್ಮು, ಏದುಸಿರು ಶುರುವಾಗುವ ಹೊತ್ತಿಗೆ ಸಾಮಾನ್ಯವಾಗಿ ಹತ್ತಾರು ವರ್ಷ ಕಳೆದಿರುತ್ತದೆ. ಕ್ಷಯದ ಲಕ್ಷಣವೂ ಇದೇ. ಸಿಲಿಕೋಸಿಸ್ ಆದವರಿಗೆ ಕ್ಷಯ ಅಂಟುವುದೂ ಸುಲಭ. ಹೀಗಾಗಿ ಸಾವಿನ ಹೊಣೆಯನ್ನು ರೋಗಾಣುವಿನ ಮೇಲೆ ಹಾಕಿ ಸುಮ್ಮನಾಗುವುದು ಕಷ್ಟವಿರಲಿಲ್ಲ.

ದೂಳಿನ ಅಪಾಯ ಜಗತ್ತಿಗೇ ಗೊತ್ತಿರಲಿಲ್ಲ ಎನ್ನುವಂತಿಲ್ಲ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಇದೇ ರೋಗದ ಬಗ್ಗೆ 1902ರಲ್ಲೇ ಆಯೋಗ ಕೂತಿತ್ತು, 1911ರಲ್ಲಿ ಪರಿಹಾರದ ಕಾಯ್ದೆಯೂ ಬಂತು. ಅಲ್ಲಿ ಸಾಯುತ್ತಿದ್ದವರಲ್ಲಿ ಬಿಳಿಯ ಗಣಿಗಾರರಿದ್ದರು ಎಂಬುದನ್ನೂ ಮರೆಯಬಾರದು. ಇಲ್ಲಿ ಗಣಿಗೆ ಇಳಿಯುತ್ತಿದ್ದವರಲ್ಲಿ ಬಹುಪಾಲು ಉತ್ತರ ಆರ್ಕಾಟಿನಿಂದ ಬಂದ ದಲಿತರು. ಭಾರತದ ಮೊದಲ ಸಿಲಿಕೋಸಿಸ್ ವರದಿ ಎಂದು ವೈದ್ಯಕೀಯ ಪಠ್ಯಗಳು ಹೆಸರಿಸುವುದು ಕೋಲಾರ ಗಣಿಯ ವರದಿಯನ್ನು. ಅದರ ಇಸವಿ 1947!

ಮದ್ದೂ ಸರಳವಿರಲಿಲ್ಲ. ಕೊರೆಯುವಾಗ ನೀರು ಹಾಯಿಸಿದರೆ ದೂಳು ಅಡಗುತ್ತದೆ, ನಿಜ. ಆದರೆ ತಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಆ ಬಿಸಿಗೆ ತೇವವೂ ಸೇರಿದರೆ ಬೆವರು ಆರದೆ ಮೈ ಕುದಿಯುತ್ತದೆ. ಒಂದು ಅಪಾಯ ತಗ್ಗಿಸಲು ಹೋದರೆ ಇನ್ನೊಂದು ತಲೆಯೆತ್ತುತ್ತಿತ್ತು.

ಬಂಡೆಗೆ ಹೆದರಿದಷ್ಟು ದೂಳಿಗೆ ಹೆದರಲಿಲ್ಲವೇಕೆ? ಜನ ಹಠಾತ್ತನೆ ಎರಗುವ, ಒಟ್ಟಿಗೆ ಹಲವರನ್ನು ಬಲಿ ತೆಗೆದುಕೊಳ್ಳುವ ಅಪಾಯಕ್ಕೆ ಹೆಚ್ಚು ಹೆದರುತ್ತಾರೆ ಎನ್ನುತ್ತದೆ ಮನಶ್ಶಾಸ್ತ್ರ. ಪಾಲ್ ಸ್ಲೋವಿಕ್ 1987ರಲ್ಲಿ ಬರೆದ ಪ್ರಬಂಧ ಈ ಬಗ್ಗೆ ಪ್ರಸಿದ್ಧ. ಕೆಜಿಎಫ್‌ಗೆ ಈ ಮಾತು ಅರ್ಧ ಮಾತ್ರ ಒಪ್ಪುತ್ತದೆ. ಬಂಡೆ ಸಿಡಿದದ್ದನ್ನು ಕಾರ್ಮಿಕ ತಾನೇ ಅರಿಯಬಲ್ಲ. ದೂಳು ಮಾಡಿದ ಹಾನಿ ಗೊತ್ತಾಗಲು ಎಕ್ಸ್‌ರೇ ಬೇಕು. ಅದು ಅವನ ಕೈಯಲ್ಲಿರಲಿಲ್ಲ. ದೂಳಿನ ರೋಗ ಗುರುತಾಗಲು ಆದ ತಡವನ್ನು ಅವನ ಅಜ್ಞಾನದ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಆದರೆ ದೂಳಿನ ಸಂಪರ್ಕ ತಪ್ಪಿದ ಮೇಲೂ ಸಿಲಿಕೋಸಿಸ್ ಬೆಳೆಯಬಲ್ಲದು. ರೋಗಿಯ ಕಸುಬು ಏನೆಂದು ಕೇಳಿ ಎಂದು ಇಟಲಿಯ ವೈದ್ಯ ರಮಾಝಿನಿ 1700ರಲ್ಲೇ ಬರೆದಿದ್ದ. ಕೆಮ್ಮುತ್ತಾ ಬಂದ ಹಳೆಯ ಗಣಿ ಕಾರ್ಮಿಕನಿಗೂ ಕಲ್ಲಿನ ದೂಳಿನಲ್ಲೇ ದುಡಿಯುವ ಜಲ್ಲಿ ಕ್ರಷರಿನ ಆಳಿಗೂ ಕ್ಷಯದ ಮಾತ್ರೆ ಬರೆಯುವ ಮುನ್ನ ನಮ್ಮ ವೈದ್ಯರು ಆ ಪ್ರಶ್ನೆ ಕೇಳಲಿ.