ದನಿಗೂ ಒಂದು ಹೆಸರಿರುತ್ತೆ

1961ರ ಜನವರಿ 24. ಲಾಸ್ ಏಂಜಲೀಸ್‌ನ ಸನ್‌ಸೆಟ್ ಬುಲೆವಾರ್ಡ್ ರಸ್ತೆಯ ತಿರುವಿನಲ್ಲಿ ಎರಡು ಕಾರುಗಳು ಮುಖಾಮುಖಿ ಡಿಕ್ಕಿ ಹೊಡೆದವು. ಒಂದರಲ್ಲಿದ್ದವರು ಮೆಲ್ ಬ್ಲಾಂಕ್. ಕೋಮಾಕ್ಕೆ ಹೋದ ಅವರು ಯಾರು ಕರೆದರೂ ಓಗೊಡಲಿಲ್ಲ. ಸುಮಾರು ಎರಡು ವಾರ ಕಳೆದ ಮೇಲೆ ವೈದ್ಯರೊಬ್ಬರು, ‘ಹೇಗಿದ್ದೀಯಪ್ಪಾ, ಬಗ್ಸ್ ಬನ್ನಿ?’ ಅಂದರು. ಹಾಸಿಗೆಯಿಂದ ಉತ್ತರ ಬಂತು. ಅದೂ ಮೊಲದ ದನಿಯಲ್ಲೇ!

ವಾರ್ನರ್ ಬ್ರದರ್ಸ್ ಕಾರ್ಟೂನುಗಳ ಮೊಲ ಬಗ್ಸ್ ಬನ್ನಿ, ಬಾತುಕೋಳಿ ಡ್ಯಾಫಿ, ತೊದಲುವ ಹಂದಿ ಪೋರ್ಕಿ, ಹಕ್ಕಿ ಟ್ವೀಟಿ, ಅದಕ್ಕೆ ಹೊಂಚು ಹಾಕುವ ಬೆಕ್ಕು ಸಿಲ್ವೆಸ್ಟರ್. ಇಷ್ಟಕ್ಕೂ ಇದ್ದದ್ದು ಒಂದೇ ಗಂಟಲು, ಬ್ಲಾಂಕ್ ಅವರದ್ದು.

ಪಾತ್ರದ ಹೆಸರು ಕೇಳಿ ಕಣ್ಣುಬಿಟ್ಟ ಈ ಮನುಷ್ಯನ ಸ್ವಂತ ಹೆಸರು ಮೊದಮೊದಲು ತೆರೆಯ ಮೇಲೆ ಇರಲೇ ಇಲ್ಲ, ನೋಡಿ. 1940ರ ದಶಕದಲ್ಲಿ ನಿರ್ಮಾಪಕ ಲಿಯಾನ್ ಶ್ಲೆಸಿಂಗರ್ ಬಳಿ ಹೋಗಿ ಸಂಬಳ ಹೆಚ್ಚಿಸಿ ಅಂದರು. ಆಗಲ್ಲ ಎಂಬ ಉತ್ತರ ಬಂತು. ಹೆಸರಾದರೂ ಹಾಕಿ ಅಂದರು. ಹೆಸರು ಹಾಕೋಕೆ ದುಡ್ಡು ಬೇಕಾ? ಶ್ಲೆಸಿಂಗರ್ ಒಪ್ಪಿದರು. ಆ ಹೆಸರು ನೋಡಿಯೇ ರೇಡಿಯೋದವರು ಬ್ಲಾಂಕ್‌ರನ್ನು ಹುಡುಕಿಕೊಂಡು ಬಂದರು.

ಆದರೆ ಬಗ್ಸ್ ಬನ್ನಿಯ ಬೆನ್ನುಬಿದ್ದ ಬೇಟೆಗಾರ ಎಲ್ಮರ್ ಫಡ್‌ನ ದನಿ ಬೇರೆಯವರದ್ದು. ಅವರ ಹೆಸರು ಬಹುತೇಕ ಯಾವ ಚಿತ್ರದಲ್ಲೂ ಬರಲಿಲ್ಲ. ಅದೂ ಬ್ಲಾಂಕ್ ದನಿಯೇ ಅಂತ ಎಷ್ಟೋ ಜನ ತಿಳಿದರು. 1959ರಲ್ಲಿ ಆ ಕಲಾವಿದ ತೀರಿಕೊಂಡರು.

ದುಡಿದವನಿಗೆ ಕೂಲಿ ಎಷ್ಟು ಮುಖ್ಯವೋ ಹೆಸರೂ ಅಷ್ಟೇ ಮುಖ್ಯ ಸ್ವಾಮಿ. ಮುಂದಿನ ಸಲ ಮಕ್ಕಳ ಜೊತೆ ಎಲ್ಮರ್‌ನನ್ನು ನೋಡಿ ನಕ್ಕಾಗ ಅವರಿಗೊಂದು ಹೆಸರು ಹೇಳಿಕೊಡಿ: ಆರ್ಥರ್ ಕ್ಯೂ. ಬ್ರಯನ್.